ನೊಣ ತಿನ್ನುವ ಗಿಡಕ್ಕೆ ಉಪ್ಪು ಹಾಕಿದವರು

ಗಿಡವನ್ನು ಕೊಲ್ಲುತ್ತಿರುವವಳು ನನ್ನ ಹೆಂಡತಿ ಸೀತಾಲಕ್ಷ್ಮಿಯೇ ಎಂದು ಖಾತ್ರಿಯಾದದ್ದು, ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಂಡ ದಿನ. ಬೆರಳಿಗೆ ಹಚ್ಚಿ ನೆಕ್ಕಿದೆ. ಥೂ, ಉಪ್ಪುಪ್ಪು!

ಗಿಡ ಮೊಮ್ಮಗಳು ಇಂಚರಳದು. ಎಲೆಯ ತುದಿಯಲ್ಲಿ ಹಲ್ಲಿನ ಬಾಯಿ. ನೊಣ ಕೂತರೆ ಗಪ್ಪನೆ ಮುಚ್ಚಿಕೊಳ್ಳುತ್ತದೆ. ಬೇಸಿಗೆ ರಜೆಗೆ ಊರೂರು ಸುತ್ತಲು ಹೊರಟವಳು ಜೆ.ಪಿ. ನಗರ ಏಳನೇ ಫೇಸಿನ ನಮ್ಮ ಫ್ಲ್ಯಾಟಿಗೆ ಅದನ್ನು ತಂದಿಟ್ಟಳು.

"ತಾತ, ಕೆಳಗಿನ ತಟ್ಟೇಲಿ ಯಾವಾಗ್ಲೂ ಸ್ವಲ್ಪ ನೀರಿರ್ಬೇಕು. ಬೋರ್ ನೀರು ಬೇಡ್ವೇ ಬೇಡ, ಉಪ್ಪಿರತ್ತೆ. ಫಿಲ್ಟರ್ ನೀರು ಮಾತ್ರ. ನಿಮ್ಮನ್ನೇ ನಂಬಿದೀನಿ."

ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು, ಒಂದು ಕುಂಡ ಕಾಯಲಾರೆನೇ? ದಿನಾ ಬೆಳಿಗ್ಗೆ ಫಿಲ್ಟರಿನ ಕೆಳಗಿನ ಬಕೆಟ್ಟಿನಿಂದ ನಾನೇ ಚೊಂಬಿನಲ್ಲಿ ತಂದು ತಟ್ಟೆ ತುಂಬಿಸಿದೆ. ಆದರೂ ಬಾಯಿಗಳು ಒಂದೊಂದಾಗಿ ಕಪ್ಪಾದವು.

ಸೀತೆ ಮೊದಲ ದಿನವೇ ಮೂಗು ಮುರಿದಿದ್ದಳು. "ರಾಮರಾಮ, ಮಾಂಸ ತಿನ್ನೋ ಗಿಡ ನಮ್ಮನೇಲಿ ಯಾಕ್ರೀ?" ಇನ್ಯಾರು ಮತ್ತೆ?

ಅಂದಿನಿಂದ ಕಾವಲು ಕೂತೆ. ಉಪ್ಪಿನ ಭರಣಿಗೆ ಪೆನ್ಸಿಲ್ ಗುರುತು ಹಾಕಿದೆ. ಅವಳು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದರೆ ಪೇಪರಿನ ಮರೆಯಿಂದ ಇಣುಕಿದೆ. ಒಂದು ದಿನ ಕುಂಡ ಎತ್ತಿ ತಳ ನೋಡುತ್ತಿದ್ದಳು!

"ಏನ್ ಮಾಡ್ತಿದೀಯ ಅಲ್ಲಿ?"

"ತೂತು ಕಟ್ಕೊಂಡಿದ್ಯೇನೋ ಅಂತ ನೋಡ್ದೆ ಕಣ್ರೀ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಂಜೆ ಇಂಚರಳಿಗೆ ಫೋನು ಮಾಡಿ ಹೇಳಿಯೇಬಿಟ್ಟೆ, "ನಿಮ್ಮಜ್ಜಿ ಉಪ್ಪು ಹಾಕ್ತಿದಾಳೆ ಪುಟ್ಟಿ." ಮಗು ಅತ್ತಿತು. ಅಜ್ಜಿಯ ಹತ್ತಿರ ಮಾತೇ ಆಡಲ್ಲ ಎಂದಿತು. ಸೀತೆ ಫೋನು ತೆಗೆದುಕೊಂಡು "ಪುಟ್ಟೀ" ಎನ್ನುವಷ್ಟರಲ್ಲಿ ಆ ಕಡೆಯಿಂದ ಕಟ್ಟಾಗಿತ್ತು.

ಮರುದಿನ ನಾನು ಬಕೆಟ್ಟಿಗೆ ಚೊಂಬು ಅದ್ದುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿದ್ದಳು.

"ರೀ, ಗಿಡಕ್ಕೆ ಆ ನೀರಾ ಹಾಕ್ತಿರೋದು?"

"ಫಿಲ್ಟರ್ ನೀರು. ಯಾಕೆ?"

"ಅಯ್ಯೋ ನನ್ ಕರ್ಮವೇ! ಅದು ಫಿಲ್ಟರ್ ಬೇಡ ಅಂತ ಹೊರಗೆ ಬಿಡೋ ನೀರು. ಬೋರಿನ ಉಪ್ಪೆಲ್ಲ ಅದ್ರಲ್ಲೇ. ನೆಲ ಒರ್ಸಕ್ಕೆ ಹಿಡಿದಿಡ್ತೀನಿ. ಕುಡಿಯೋದು ಮೇಲಿನ ನಲ್ಲೀಲಿ ಬರತ್ತೆ."

ನನಗೆ ಗೊತ್ತೇ ಇರಲಿಲ್ಲ. ನಲವತ್ತೊಂದು ವರ್ಷದಿಂದ ಕೂತಲ್ಲಿಗೇ ಲೋಟ ತಂದುಕೊಟ್ಟವಳು ಅವಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸೀತೆ ಬೈಯಲಿಲ್ಲ. ಕುಂಡವನ್ನು ಸಿಂಕಿಗಿಟ್ಟು, ಕುಡಿಯುವ ನೀರನ್ನು ಚೊಂಬು ಚೊಂಬಾಗಿ ಸುರಿದು, ತಳದ ತೂತುಗಳಿಂದ ಉಪ್ಪೆಲ್ಲ ಹರಿದುಹೋಗಲು ಬಿಟ್ಟಳು. ಬುಡದಲ್ಲಿ ಒಂದೇ ಒಂದು ಹಸಿರು ಚಿಗುರು ಉಳಿದಿತ್ತು. ಆಮೇಲೆ ಕೈ ಒರೆಸಿಕೊಂಡು ಫೋನನ್ನು ನನ್ನ ಮುಂದಿಟ್ಟಳು.

"ಪುಟ್ಟಿ, ಉಪ್ಪು ಹಾಕಿದ್ದು ಅಜ್ಜಿ ಅಲ್ಲ, ನಾನು" ಎಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತು.

"ಸೀತೂ, ಒಂದ್ಲೋಟ ನೀರು..."

"ಮೇಲಿನ ನಲ್ಲಿ" ಎಂದಳು.