ಸಾವಿರದೈನೂರು ಕಿಲೋ ಎಳೆಯುವ ಕಾರು

ಏಪ್ರಿಲ್ ತಿಂಗಳ ತಪಾಸಣೆಯಲ್ಲಿ ರೈಂಡರ್‌ನ ಹಳೆ ಡೀಸೆಲ್ ಕಾರು ಫೇಲಾಯಿತು. ಅಡಿಭಾಗ ತುಕ್ಕು ತಿಂದು, ಬೆರಳು ತೂರುವಂಥ ತೂತುಗಳಾಗಿದ್ದವು. ಒಂದು ಕಾಲದಲ್ಲಿ ಪ್ರತಿ ಜುಲೈನಲ್ಲೂ ಆ ಕಾರು ಅವನ ಕ್ಯಾರವಾನನ್ನು, ಅಂದರೆ ಹಾಸಿಗೆ, ಒಲೆ ಎಲ್ಲ ಇರುವ ಗಾಲಿ ಮನೆಯನ್ನು, ಎಳೆದುಕೊಂಡು ಡೆನ್ಮಾರ್ಕಿನವರೆಗೂ ಹೋಗುತ್ತಿತ್ತು. ಹೆಂಡತಿ ಫ್ರೌಕ್ಯೆ ತೀರಿಕೊಂಡ ಮೇಲೆ ಆರು ವರ್ಷ ಕ್ಯಾರವಾನ್ ಕೊಟ್ಟಿಗೆಯಿಂದ ಕದಲಿರಲಿಲ್ಲ. ಕಾಲುವೆ ಸೇತುವೆಯನ್ನು ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾದ ರೈಂಡರ್ ಹೋದ ವರ್ಷ ಹಿಸ್ಕೆಯನ್ನು ಮದುವೆಯಾದ. ಈ ಬೇಸಿಗೆಯಲ್ಲಿ ಇಬ್ಬರೂ ಕ್ಯಾರವಾನ್ ತೆಗೆದುಕೊಂಡು ಹೋಗೋಣ ಎಂದು ಹಿಸ್ಕೆ ಹೇಳಿದಾಗ ಅವನು ಹೂಂ ಎಂದಿದ್ದ. ಅದನ್ನು ಮಗಳು ಯೆಟ್ಸ್ಕೆಗೆ ಹೇಳುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಹೇಗೋ ಅವಳ ಕಿವಿಗೆ ಬಿತ್ತು. ಮೇ ತಿಂಗಳ ಮೊದಲ ಶನಿವಾರ ಗಂಡ ಹೆಂಡತಿ ಲೇವಾರ್ಡನ್ ಊರಾಚೆಯ ಕಾರಿನ ಮಳಿಗೆಗೆ ಹೋದರೆ, ಯೆಟ್ಸ್ಕೆ ಆಗಲೇ ಅಲ್ಲಿ ಒಂದು ಬಿಳಿ ಎಲೆಕ್ಟ್ರಿಕ್ ಕಾರಿಗೆ ಒರಗಿ ನಿಂತಿದ್ದಳು.

"ಅಪ್ಪ, ಇದು ನಿಂಗೆ ಹೇಳಿ ಮಾಡಿಸಿದ ಹಾಗಿದೆ. ಪುಟ್ಟದು, ಸದ್ದೂ ಇಲ್ಲ."

"ಎಷ್ಟು ಎಳೆಯುತ್ತೆ?" ಹಿಸ್ಕೆ ಮಾರಾಟಗಾರನನ್ನು ಕೇಳಿದಳು.

"ಹಿಂದುಗಡೆ ಹುಕ್ ಹಾಕಿಸಬಹುದು ಮೇಡಂ. ಎರಡು ಸೈಕಲ್ ಆರಾಮಾಗಿ ಹೊರತ್ತೆ."

"ಸೈಕಲ್ ಸುದ್ದಿ ಕೇಳ್ಲಿಲ್ಲ ನಾನು. ಕಾಗದದಲ್ಲಿ ಏನಿದೆ ತೋರಿಸಿ."

ಕಾಗದದಲ್ಲಿ ಐನೂರು ಕಿಲೋ ಎಂದಿತ್ತು.

"ಐನೂರು! ಇದು ಕ್ಯಾರವಾನ್ ಎಳೆಯಲ್ಲ, ಅದರ ಬಾಗಿಲನ್ನ ಎಳೀಬಹುದು ಅಷ್ಟೇ."

"ಹಾಗಿದ್ರೆ ಕ್ಯಾರವಾನ್ ಕೊಟ್ಟಿಗೇಲೇ ಇರ್ಲಿ," ಎಂದಳು ಯೆಟ್ಸ್ಕೆ.

"ಅದಕ್ಕೇ ತಾನೇ ನೀನು ಇದನ್ನ ಹುಡುಕಿಟ್ಟಿರೋದು," ಎಂದಳು ಹಿಸ್ಕೆ.

"ಗೊತ್ತಾಯ್ತಲ್ಲ, ಸಂತೋಷ. ನಮ್ಮಮ್ಮ ಮಲಗಿದ ಹಾಸಿಗೇಲಿ ನೀವು ಮೈ ಚಾಚೋದು ನಂಗೆ ಬೇಕಾಗಿಲ್ಲ."

ಮಾರಾಟಗಾರ ಕಾಫಿ ತರುತ್ತೇನೆಂದು ಒಳಗೆ ಹೋದವನು ತಿರುಗಿ ಬರಲಿಲ್ಲ. ರೈಂಡರ್ ಪಕ್ಕದ ಕಾರಿನ ಚಕ್ರವನ್ನು ಬೂಟಿನಿಂದ ಒತ್ತಿ ನೋಡುತ್ತ ನಿಂತಿದ್ದ.

ಕಾರು ಆರಿಸುವ ಮೊದಲು ಕ್ಯಾರವಾನಿನ ತೂಕ ತಿಳಿಯಬೇಕು ಎಂದಳು ಹಿಸ್ಕೆ. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಇಪ್ಪತ್ತಾರು ವರ್ಷ ಬೀಟ್ ಗೆಡ್ಡೆಯ ಲಾರಿಗಳನ್ನು ತೂಗಿದವಳು ಅವಳು. ಕ್ಯಾರವಾನಿನ ಕಾಗದದ ಪ್ರಕಾರ ಸಾವಿರದ ನೂರು ಕಿಲೋ. ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಕಟ್ಟಿ ಕಾರ್ಖಾನೆಗೆ ಒಯ್ದು ತೂಗಿದಾಗ ಸಾವಿರದ ಮುನ್ನೂರ ತೊಂಬತ್ತು ಬಂತು. ಹಾಸಿಗೆಯಡಿ ಫ್ರೌಕ್ಯೆಯ ಹೊಲಿಗೆ ಯಂತ್ರ, ಎರಕದ ಕಬ್ಬಿಣದ ಬಾಣಲೆಗಳು, ಗಾಜಿನ ಭರಣಿಗಳು, ಪೆಟ್ಟಿಗೆ ಪೆಟ್ಟಿಗೆ ಪುಸ್ತಕ, ಎಲ್ಲ ಇಟ್ಟ ಹಾಗೇ ಇದ್ದವು.

ಸುದ್ದಿ ತಿಳಿದು ಯೆಟ್ಸ್ಕೆ ಫೋನಿನಲ್ಲೇ ಕೂಗಾಡಿದಳು. "ನಮ್ಮಮ್ಮನ ಸಾಮಾನು ತೂಗೋಕೆ ನೀವ್ಯಾರು?"

"ತೂಗೋದು ನನ್ನ ಕೆಲಸ. ಗೆಡ್ಡೆ ಯಾರದ್ದು ಅಂತ ಯಂತ್ರ ಕೇಳಲ್ಲ."

ಹೇಳಿದ ಮೇಲೆ ಆ ಮಾತು ಹೆಚ್ಚಾಯಿತು ಅಂತ ಹಿಸ್ಕೆಗೇ ಅನ್ನಿಸಿತು. ವಾಪಸು ತೆಗೆದುಕೊಳ್ಳಲಿಲ್ಲ.

ಅವಳು ಆರಿಸಿದ್ದು ಬೂದು ಬಣ್ಣದ ಉದ್ದನೆಯ ಡೀಸೆಲ್ ಕಾರು. ಅದರ ಸ್ವಂತ ತೂಕವೇ ಸಾವಿರದ ಏಳುನೂರು, ಎಳೆಯುವುದು ಸಾವಿರದ ಐನೂರು. ಎಳೆಯುವ ಕಾರು ಹಿಂದೆ ಕಟ್ಟಿದ್ದಕ್ಕಿಂತ ಭಾರವಾಗಿರಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹಿಂದಿನದೇ ಮುಂದಿನದನ್ನು ಕುಣಿಸುತ್ತದೆ ಎಂದು ರೈಂಡರ್‌ಗೆ ಬಿಡಿಸಿ ಹೇಳಿದಳು. ಅವನು ಹೂಂ ಎಂದ.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಯೆಟ್ಸ್ಕೆ ತನ್ನ ಪುಟ್ಟ ಕೆಂಪು ಕಾರಿನಲ್ಲಿ ಬಂದು, ಯಾರನ್ನೂ ಕೇಳದೆ ಕ್ಯಾರವಾನನ್ನು ಅದಕ್ಕೆ ಸಿಕ್ಕಿಸತೊಡಗಿದಳು. ರೈಂಡರ್ ಕಾಫಿ ಲೋಟ ಹಿಡಿದೇ ಹೊರಗೆ ಬಂದ.

"ಯೆಟ್ಸ್ಕೆ, ಏನಮ್ಮಾ ಇದು..."

"ಅಮ್ಮಂದು, ನಾನು ಒಯ್ತಿದೀನಿ. ಹಾರ್ಲಿಂಗನ್ ಹತ್ರ ಸ್ನೇಹಿತೆಯ ಹೊಲದಲ್ಲಿ ಇಡ್ತೀನಿ."

ಅವನು ಲೋಟ ಬಾಯಿಗಿಟ್ಟುಕೊಂಡ. ಹಿಸ್ಕೆ ಕ್ಯಾರವಾನಿನೊಳಗೆ ಇಣುಕಿದಳು. ಮುಂಭಾಗ ಎತ್ತಲು ಹಗುರಾಗಲೆಂದು ಯೆಟ್ಸ್ಕೆ ಹಾಸಿಗೆಯಡಿಯ ಭಾರದ ಸಾಮಾನೆಲ್ಲ ಹಿಂದಿನ ಮೂಲೆಗೆ ಸರಿಸಿಟ್ಟಿದ್ದಳು. "ಮುಂದುಗಡೆ ತೂಕಾನೇ ಇಲ್ಲ. ನಿನ್ನ ಕಾರೋ, ಒಂದು ಟನ್ನೂ ಇಲ್ಲ. ಗಾಳಿ ಬೇರೆ ಇದೆ. ಹೋಗ್ಬೇಡ."

"ಹೊಟ್ಟೆ ಉರೀತಿದೆಯಾ?"

ಹಿಸ್ಕೆ ಕಾರಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು.

"ಇಳೀರಿ."

"ಇಳಿಯಲ್ಲ. ನೀನು ಸತ್ರೆ ನಿಮ್ಮಪ್ಪ ಜನ್ಮದಲ್ಲಿ ನನ್ನ ಮುಖ ನೋಡಲ್ಲ. ಅಷ್ಟಕ್ಕೇ ಬರ್ತಿರೋದು, ಪ್ರೀತಿ ಉಕ್ಕಿ ಅಲ್ಲ."

ಹತ್ತು ಕಿಲೋಮೀಟರ್ ದಾಟಿ ಹೆದ್ದಾರಿ ಸೇರಿದ ಮೇಲೆ ಯೆಟ್ಸ್ಕೆ ಬೇಕೆಂದೇ ವೇಗ ಹೆಚ್ಚಿಸಿದಳು. ಒಂದು ದೊಡ್ಡ ಲಾರಿ ಪಕ್ಕದಿಂದ ಹಾದುಹೋಗಿದ್ದೇ ತಡ, ಕ್ಯಾರವಾನ್ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲವೂ ಇನ್ನಷ್ಟು. ಕಾರಿನ ಹಿಂಭಾಗ ರಸ್ತೆ ಬಿಟ್ಟು ಜಾರತೊಡಗಿತು. ಯೆಟ್ಸ್ಕೆ ಚೀರಿ ಬ್ರೇಕಿನತ್ತ ಕಾಲು ಹಾಕಿದಳು.

"ಬ್ರೇಕ್ ತುಳೀಬೇಡ! ಕಾಲೆತ್ತು! ಎರಡೂ ಕಾಲು ಎತ್ತು!"

"ಉರುಳತ್ತೆ!"

"ತಿರುಗಿಸಬೇಡ. ಸ್ಟೇರಿಂಗ್ ನೇರ ಹಿಡಿ. ಅದು ಎಷ್ಟಾದ್ರೂ ಆಡ್ಲಿ, ನೀನು ಆಡ್ಬೇಡ. ಹಿಡಿ, ಹಿಡಿ..."

ವೇಗ ಇಳಿಯಿತು. ತೊಂಬತ್ತು, ಎಪ್ಪತ್ತು, ಐವತ್ತು. ತೊನೆದಾಟ ಕಡಿಮೆಯಾಗುತ್ತ ಬಂದು ನಿಂತಿತು. ರಸ್ತೆಯಂಚಿನ ತಂಗುದಾಣದಲ್ಲಿ ಕಾರು ನಿಲ್ಲಿಸಿ ಯೆಟ್ಸ್ಕೆ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ಹಿಸ್ಕೆ ನೀರಿನ ಬಾಟಲಿ ಕೊಡಹೋದರೆ ಯೆಟ್ಸ್ಕೆ ಅದನ್ನು ಕೈಯಿಂದ ತಳ್ಳಿದಳು.

"ಥ್ಯಾಂಕ್ಸ್ ಹೇಳ್ತೀನಿ ಅಂದ್ಕೋಬೇಡಿ."

"ಯಾರು ಕೇಳಿದ್ರು?"

ಹಿಸ್ಕೆ ಫೋನು ಮಾಡಿದ ಮೇಲೆ ರೈಂಡರ್ ಬೂದು ಕಾರಿನಲ್ಲಿ ಬಂದ. ಯೆಟ್ಸ್ಕೆ ಒಬ್ಬಳೇ ಸಾಮಾನುಗಳನ್ನು ಚಕ್ರದ ಮೇಲ್ಭಾಗಕ್ಕೆ ಜರುಗಿಸುತ್ತಿದ್ದಳು. ಹೊಲಿಗೆ ಯಂತ್ರಕ್ಕೆ ಹಿಸ್ಕೆ ಕೈ ಹಾಕಿದರೆ "ಮುಟ್ಬೇಡಿ" ಎನ್ನುತ್ತಿದ್ದಳು. ರೈಂಡರ್ ಕ್ಯಾರವಾನನ್ನು ಬಿಡಿಸಿ ಬೂದು ಕಾರಿಗೆ ಸಿಕ್ಕಿಸಿದ. ಆಮೇಲೆ ಹೆಂಡತಿಯ ಮುಖ ನೋಡದೆ ಮಗಳಿಗೆ ಹೇಳಿದ: "ಹೊಲ ಎಲ್ಲಿದೆ ತೋರಿಸು. ನಿಧಾನ ಹೋಗು ಮುಂದೆ, ನಾನು ಹಿಂದೆ ಬರ್ತೀನಿ."

ಕ್ಯಾರವಾನನ್ನು ಹೊಲದಲ್ಲಿ ಬಿಟ್ಟು ಬರುವಾಗ ಯೆಟ್ಸ್ಕೆ ಅಪ್ಪನನ್ನು ತಬ್ಬಿಕೊಂಡಳು. ಹಿಸ್ಕೆ ಬೂದು ಕಾರಿನಿಂದ ಇಳಿದಿರಲಿಲ್ಲ. ಯೆಟ್ಸ್ಕೆ ಅತ್ತ ತಿರುಗಿಯೂ ನೋಡಲಿಲ್ಲ.

ವಾಪಸು ಬರುವಾಗ ಹಿಸ್ಕೆಯೇ ಮಾತು ತೆಗೆದಳು. "ನೀನು ಅದನ್ನ ಕೊಟ್ಟೇಬಿಟ್ಟೆ."

"ಅವಳಮ್ಮಂದು ಅದು."

"ಇದನ್ನೇ ಏಪ್ರಿಲ್‌ನಲ್ಲಿ ಹೇಳೋಕೆ ಬಾಯಿ ಇರ್ಲಿಲ್ವಾ? ನಾನು ಬೇರೆ ಏನಾದ್ರೂ ನೋಡ್ತಿದ್ದೆ. ನೀನು ಬಾಯಿ ಮುಚ್ಕೊಂಡು ಕಾಫಿ ಕುಡೀತಿದ್ದೆ. ನಾನೂ ಆ ಹುಡುಗಿನೂ ರಸ್ತೇಲಿ ಹೆಣ ಆಗ್ತಿದ್ವಿ."

"ಜಗಳ ಆಗೋದು ಬೇಡ ಅಂತ..."

"ಆಗ್ಲಿಲ್ವಾ?"

ರೈಂಡರ್ ಗೇರ್ ಬದಲಿಸಿದ.

"ಇನ್ಮೇಲೆ ಅವಳ ಹತ್ರ ಏನಿದ್ರೂ ನೀನೇ ಮಾತಾಡು," ಎಂದಳು ಹಿಸ್ಕೆ. "ನನ್ನ ಹತ್ರಾನೂ ಮಾತಾಡು. ಹೂಂ ಅನ್ನೋದು ಮಾತಲ್ಲ."

ಅವನು ಹೂಂ ಎನ್ನಲು ಹೋಗಿ ತಡೆದುಕೊಂಡ. ಆ ಜುಲೈನಲ್ಲಿ ಅವರು ಎಲ್ಲಿಗೂ ಹೋಗಲಿಲ್ಲ.