ಗಸಗಸೆ ಪಾಯಸದ ನಿದ್ದೆ

ಮುಟ್ಟು ನಿಲ್ಲುವ ಕಾಲಕ್ಕೆ ನನ್ನ ನಿದ್ದೆಯೂ ನಿಂತುಹೋಯಿತು. ಚಾಮರಾಜನಗರದ ಡಾಕ್ಟರು ಕೊಟ್ಟ ಮಾತ್ರೆ, ನೆತ್ತಿಗೆ ಹರಳೆಣ್ಣೆ, ಯಾವುದೂ ನಾಟಲಿಲ್ಲ.

ಆ ಭಾನುವಾರ ಗುಂಡ್ಲುಪೇಟೆಯಿಂದ ನಾದಿನಿ ಕರಿಬಸಮ್ಮ ಬಂದಳು. ತನ್ನ ಮಗನಿಗೆ ನಮ್ಮ ಮಧುಶ್ರೀಯನ್ನು ಕೇಳಿ, ನನ್ನಿಂದ ಎರಡು ಸಲ ಆಗುವುದಿಲ್ಲ ಅನ್ನಿಸಿಕೊಂಡವಳು. ಈ ಸಲ ಆ ಮಾತೇ ಎತ್ತಲಿಲ್ಲ. ಗಸಗಸೆ ರುಬ್ಬಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಕಾಯಿಸಿದಳು.

"ಕುಡ್ದು ವಸಿ ಮನಿಕೊಳಿ ಅತ್ಗೆ, ಕಣ್ಣು ತಾನೇ ಎಳೀತದೆ," ಅಂದಳು.

ಮಧುಶ್ರೀಯೇ ಲೋಟ ತಂದುಕೊಟ್ಟಳು. ಸಾಕೆಂದರೂ ಬಿಡದೆ ಇನ್ನೊಂದು ಲೋಟ ಕುಡಿಸಿದಳು. ದಡ್ಡಿ ನಾನು, ಮಗಳ ಅಕ್ಕರೆಗೆ ಕಣ್ಣು ತುಂಬಿಕೊಂಡು ಕುಡಿದೆ.

ಎದ್ದಾಗ ದೀಪ ಹಚ್ಚುವ ಹೊತ್ತು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಗುಂಡ್ಲುಪೇಟೆಯ ಗಂಡಸರು ಬಂದು, ತಾಂಬೂಲ ಬದಲಾಯಿಸಿಕೊಂಡು, ಕರಿಬಸಮ್ಮನನ್ನೂ ಕರೆದುಕೊಂಡು ಹೋಗಿಯಾಗಿತ್ತು.

"ಚೆನ್ನಾಗಿ ನಿದ್ದೆ ಮಾಡ್ತಿದ್ದೆ. ಎಬ್ಸಕೆ ಮನ್ಸು ಬರ್ನಿಲ್ಲ ಕಣಮ್ಮಿ," ಅಂದರು ನನ್ನ ಗಂಡ.

"ಇವಳನ್ನಾದ್ರೂ ಒಂದು ಮಾತು ಕೇಳಿದ್ರಾ?" ಎಂದು ಹರಿಹಾಯ್ದು ಮಗಳ ಕಡೆ ತಿರುಗಿದೆ.

ಮಧುಶ್ರೀ ತಲೆ ಬಗ್ಗಿಸಿ ನನ್ನ ಪಾಯಸದ ಲೋಟ ತೊಳೆಯುತ್ತಿದ್ದಳು. ಅತ್ತೆ ಉಡಿಸಿದ ಹೊಸ ರೇಷ್ಮೆ ಸೀರೆ ಮೈಮೇಲಿತ್ತು. ಅದೇ ಬಣ್ಣದ ರವಿಕೆ ಅವಳ ಅಳತೆಗೆ ಸರಿಯಾಗಿ ಕೂತಿತ್ತು. ಅಳತೆ ಕೊಟ್ಟದ್ದು ಯಾವಾಗ ಎಂದು ನಾನು ಕೇಳಲಿಲ್ಲ.