ತಗ್ಗಿದ ರೆಕ್ಕೆಯ ಕಡೆಗೆ

ನಮ್ಮತ್ತೆ ವಿಮಾನ ಹಾರಿಸುತ್ತಾರೆ ಎಂದರೆ ಜನ ನಗುತ್ತಾರೆ. ನಕ್ಕವರನ್ನು ಕಂಡರೆ ನನಗೆ ಕೋಪ ಬರುತ್ತದೆ. ನನಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಸಿಟಿ ಬಸ್ಸಿನ ಡ್ರೈವರ್ ನಾನು, ಹಾರ್ನ್ ಹೊಡೆದರೂ ಕೋಪ, ಹೊಡೆಯದಿದ್ದರೂ ಕೋಪ. ಆದರೆ ಅತ್ತೆಯ ವಿಷಯದಲ್ಲಿ ಬರುವ ಕೋಪ ಮಾತ್ರ ನ್ಯಾಯವಾದದ್ದು. ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ವಿಮಾನ ಎಂದರೆ ಜನ ಹತ್ತುವ ವಿಮಾನವಲ್ಲ. ಹಗುರ ಮರದ ಪಟ್ಟಿಗಳಿಂದ ಕಟ್ಟಿದ, ಎರಡು ತೋಳು ಚಾಚಿದಷ್ಟು ಅಗಲದ, ಮೂತಿಗೊಂದು ಪುಟ್ಟ ಎಂಜಿನ್ ಇರುವ ಮಾದರಿ ವಿಮಾನ. ಅದು ಆಕಾಶದಲ್ಲಿರುತ್ತದೆ, ಹಾರಿಸುವವರು ಹುಲ್ಲಿನ ಮೇಲೆ ನಿಂತು ರಿಮೋಟಿನ ಎರಡು ಸ್ಟಿಕ್ ಅಲ್ಲಾಡಿಸುತ್ತಿರುತ್ತಾರೆ. ಊರಾಚೆಯ ಬಯಲಿನಲ್ಲಿ ಇಂಥ ಹುಚ್ಚಿನವರದೇ ಒಂದು ಕ್ಲಬ್ಬಿದೆ. ಹಲ್ಲಿನ ಡಾಕ್ಟರೊಬ್ಬರು ಅದರ ಹಿರಿಯರು.

ಅತ್ತೆಯದು ಇಸ್ತ್ರಿ ಅಂಗಡಿ. ಇಸ್ತ್ರಿಗೂ ವಿಮಾನಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನಾನೂ ಕೇಳಿದ್ದೆ. ಮರದ ರೆಕ್ಕೆಯ ಮೇಲೆ ತೆಳುವಾದ ಬಣ್ಣದ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಬಿಸಿ ತಾಗಿದರೆ ಅದು ಅಂಟಿಕೊಂಡು, ಕುಗ್ಗಿ, ತಮಟೆಯ ಚರ್ಮದಷ್ಟು ಬಿಗಿಯಾಗುತ್ತದೆ. ಶಾಖ ಹೆಚ್ಚಾದರೆ ತೂತು, ಕಡಿಮೆಯಾದರೆ ಸುಕ್ಕು. ಡಾಕ್ಟರು ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಈ ಪ್ರಯೋಗ ಮಾಡಿ, ಹೆಂಡತಿಯ ಒಳ್ಳೆಯ ಬಟ್ಟೆಗೆಲ್ಲ ಹಾಳೆಯ ಅಂಟು ಮೆತ್ತಿಸಿ, ಬೈಸಿಕೊಂಡು, ಕೊನೆಗೆ ಷರ್ಟುಗಳ ಜೊತೆ ಒಂದು ರೆಕ್ಕೆಯನ್ನೂ ಅತ್ತೆಯ ಮೇಜಿನ ಮೇಲೆ ತಂದಿಟ್ಟರು. ಅತ್ತೆ ಹಾಳೆಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಒಂದು ಸುಕ್ಕಿಲ್ಲದೆ ಹೊದಿಸಿಕೊಟ್ಟರು. ಆಮೇಲೆ ಕ್ಲಬ್ಬಿನವರೆಲ್ಲ ರೆಕ್ಕೆ ಹೊತ್ತು ಬರತೊಡಗಿದರು. "ಇಷ್ಟೊಂದು ರೆಕ್ಕೆ ಇಸ್ತ್ರಿ ಮಾಡಿದ್ದೀನಿ, ಒಂದಾದ್ರೂ ಹಾರಿದ್ದು ನೋಡ್ಬೇಡ್ವಾ?" ಎಂದು ಬಯಲಿಗೆ ಹೋದವರು, ನೋಡಿ ಸುಮ್ಮನೆ ಬರಲಿಲ್ಲ, ಕಲಿತೇ ಬಂದರು.

ಇನ್ನು ನನ್ನ ವಿಷಯ. ಒಂದು ದಿನ ತಪ್ಪು ದಾರಿಯಲ್ಲಿ ನುಗ್ಗಿ ಬಂದ ಲಾರಿ ನನ್ನ ಬಸ್ಸಿಗೆ ಗುದ್ದಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ತಪ್ಪು ನನ್ನದಲ್ಲವೆಂದು ವಿಚಾರಣೆಯಲ್ಲೂ ತೀರ್ಮಾನವಾಯಿತು. ಆದರೂ ಸ್ಟಿಯರಿಂಗ್ ಮುಂದೆ ಕೂತರೆ ಕೈಕಾಲು ತಣ್ಣಗಾಗುತ್ತಿತ್ತು. ರಜೆಯ ಮೇಲೆ ರಜೆ ಹಾಕಿ ಮನೆಯಲ್ಲಿ ಕೂತೆ. ಬಂದವರೆಲ್ಲ ಧೈರ್ಯ ಹೇಳಿದರು. ಹೇಳಿದವರ ಮೇಲೆಲ್ಲ ಹರಿಹಾಯ್ದೆ. ಧೈರ್ಯ ಹೇಳದೆ ಇದ್ದವರು ಅತ್ತೆ ಒಬ್ಬರೇ. "ಅಳಿಯಂದ್ರೇ, ಸುಮ್ನೆ ಕೂತಿದ್ದೀರಲ್ಲ, ಬನ್ನಿ, ಕಾಲರ್ ಹಿಡ್ಕೊಳ್ಳಿ" ಎಂದು ಅಂಗಡಿಗೆ ಕರೆದೊಯ್ದರು. ತಿಂಗಳುಗಟ್ಟಲೆ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿದೆ. ಯಾವಾಗ ಕೆಲಸಕ್ಕೆ ಹೋಗುತ್ತೀರಿ ಎಂದು ಒಂದು ಸಲವೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ವ್ಯಾನಿನ ಕೀಲಿ ನನ್ನ ಅಂಗೈಯಲ್ಲಿಟ್ಟರು. "ನಮ್ಮ ವ್ಯಾನ್ ಓಡಿಸೋ ಹುಡುಗಿಗೆ ಜ್ವರ. ನನ್ನನ್ನ ಬಯಲಿಗೆ ಬಿಟ್ಟುಬನ್ನಿ." ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಕೂತಾಗಿತ್ತು. ಒಗೆದ ಹೊದಿಕೆಗಳ ದೊಡ್ಡ ಗಂಟೊಂದನ್ನು ನಮ್ಮಿಬ್ಬರ ಸೀಟಿನ ನಡುವೆ ಇಟ್ಟು, ಅದು ಜಾರದಿರಲೆಂದೋ ಏನೋ ಕೈಯನ್ನು ಅದರ ಕೆಳಗೆ ತೂರಿಸಿದರು. ನಾನು ನಡೆಯುವವರಿಗಿಂತ ನಿಧಾನವಾಗಿ ಓಡಿಸಿದೆ. ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ತಿರುಗಿ ನೋಡಿದರು. ದಾರಿಯುದ್ದಕ್ಕೂ ಅತ್ತೆ ಷರ್ಟಿನ ಗುಂಡಿಗಳ ವಿಷಯ ಮಾತಾಡಿದರು. ಯಾವ ಗುಂಡಿ ಬಿಸಿಗೆ ಕರಗುತ್ತದೆ, ಯಾವುದು ಬಣ್ಣ ಬಿಡುತ್ತದೆ. ಎದುರಿಗೆ ಒಂದು ಲಾರಿ ಬಂದಾಗ ನನ್ನ ಜೀವ ಬಾಯಿಗೆ ಬಂತು. ಅವರು ಮಾತು ನಿಲ್ಲಿಸಲಿಲ್ಲ. ಲಾರಿ ತನ್ನ ಪಾಡಿಗೆ ದಾಟಿ ಹೋಯಿತು. ಮುಂದೆ ದಿನಾ ನಾನೇ ವ್ಯಾನ್ ಓಡಿಸಿದೆ, ಸ್ವಲ್ಪ ಕಾಲಕ್ಕೆ ಬಸ್ಸಿಗೂ ಮರಳಿದೆ. ಆ ಹುಡುಗಿಗೆ ಜ್ವರ ಬಂದಿರಲೇ ಇಲ್ಲವೆಂದು ನನ್ನ ಹೆಂಡತಿ ಎಷ್ಟೋ ದಿನದ ಮೇಲೆ ಹೇಳಿದಳು.

ಅಂಥ ಅತ್ತೆಗೆ ಕಣ್ಣು ಕೈಕೊಟ್ಟಿತು.

ಪೂರ್ತಿ ಕುರುಡಲ್ಲ. ನೋಟದ ನಡುಭಾಗ ಮಾತ್ರ ಅಳಿಸಿಹೋಯಿತು. "ಬಾಗಿಲು ಕಾಣುತ್ತೆ, ಬಾಗಿಲಲ್ಲಿ ನಿಂತಿರೋ ಅಳಿಯಂದ್ರ ಮುಖ ಕಾಣಲ್ಲ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು" ಎಂದು ಅವರೇ ತಮಾಷೆ ಮಾಡಿದರು. ಅಂಚಿನಲ್ಲಿ ಉಳಿದಿರುವುದೂ ಬಹಳ ಕಾಲ ಇರುವುದಿಲ್ಲವೆಂದು ಕಣ್ಣಿನ ಡಾಕ್ಟರು ಹೇಳಿದ್ದರು. ಬಟ್ಟೆಯನ್ನು ಕೈಯೇ ನೋಡಿಕೊಳ್ಳುತ್ತಿತ್ತು. ಆದರೆ ಆಕಾಶದಲ್ಲಿ ಚುಕ್ಕೆಯಂತಿರುವ ವಿಮಾನ ಹೇಗೆ ಕಂಡೀತು? ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ತಾವೇ ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಹಳದಿ ವಿಮಾನ ಗೋಡೆಗೆ ನೇತಾಡುತ್ತಿತ್ತು. ಹಲ್ಲಿನ ಡಾಕ್ಟರು ಒಮ್ಮೆ ಹಾರಿಸಿ, ನೆಟ್ಟಗಿದೆ ಎಂದಿದ್ದರು. ಅತ್ತೆ ಅದನ್ನು ಹಾರಿಸುವ ಮೊದಲೇ ಹೀಗಾಯಿತು. ಬೆಳಗಾದರೆ ಒಣ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದರು. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ದಾರಿ ಇಲ್ಲದೆ ಇರಲಿಲ್ಲ. ಕಲಿಯುವವರಿಗೆಂದು ಜೋಡಿ ರಿಮೋಟ್ ಇರುತ್ತದೆ, ನಡುವೆ ಒಂದು ತಂತಿ. ಗುರುವಿನ ರಿಮೋಟಿನಲ್ಲಿ ಒಂದು ಸ್ಪ್ರಿಂಗ್ ಗುಂಡಿ. ಗುರು ಅದನ್ನು ಒತ್ತಿ ಹಿಡಿದಷ್ಟು ಹೊತ್ತು ವಿಮಾನ ಶಿಷ್ಯನ ಕೈಯಲ್ಲಿ, ಬಿಟ್ಟ ಕ್ಷಣ ಮತ್ತೆ ಗುರುವಿನ ಕೈಯಲ್ಲಿ. ಅತ್ತೆಯ ಜೊತೆ ಹಾಗೆ ನಿಲ್ಲುತ್ತೇನೆಂದು ಡಾಕ್ಟರು ತಾವಾಗಿಯೇ ಹೇಳಿದರು. ಅತ್ತೆ ಒಪ್ಪಲಿಲ್ಲ.

"ಡಾಕ್ಟ್ರು ಒಳ್ಳೆಯವರು. ಆದ್ರೆ ರೆಕ್ಕೆ ಒಂಚೂರು ಓರೆಯಾದ್ರೂ ಕಿತ್ಕೊಂಡುಬಿಡ್ತಾರೆ. ಏನ್ ಮಾಡೋದು, ಅವರ ಕಸುಬೇ ಅದು" ಎಂದರು ಮನೆಯಲ್ಲಿ. "ಗುಂಡಿ ಹಿಡಿದ್ರೆ ಅಳಿಯಂದ್ರೇ ಹಿಡೀಬೇಕು."

"ನನಗೆ ಹಾರಿಸೋಕೇ ಬರಲ್ವಲ್ಲ ಅತ್ತೆ!"

"ಕಲೀರಿ. ಬಸ್ಸೇನು ಹುಟ್ಟುತ್ತಲೇ ಓಡಿಸಿದ್ರಾ?"

"ಈ ವಯಸ್ಸಲ್ಲಿ ಮಕ್ಕಳಾಟ" ಎಂದು ಗೊಣಗಿದೆ. ನನ್ನ ಹೆಂಡತಿ ಒಂದು ನೋಟ ನೋಡಿದಳು. ಮುಂದಿನ ವಾರದ ರಜೆಗೆ ಬಯಲಿನಲ್ಲಿದ್ದೆ.

ಕ್ಲಬ್ಬಿನ ನಿಯಮ ಖಡಾಖಂಡಿತ: ಒಬ್ಬರೇ ಹಾರಿಸಿ, ಎಲ್ಲರೆದುರು ಸರಿಯಾಗಿ ಇಳಿಸಿ ತೋರಿಸಿದವರು ಮಾತ್ರ ಇನ್ನೊಬ್ಬರಿಗೆ ಗುಂಡಿ ಹಿಡಿಯಬಹುದು. ನನಗೆ ಡಾಕ್ಟರು ಗುರು. ಅತ್ತೆ ಮಡಚುವ ಕುರ್ಚಿಯಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ ಪಾಠ ಹೇಳುತ್ತಿದ್ದರು. ವಿಮಾನ ನನ್ನಿಂದ ದೂರ ಹೋಗುವಾಗ ನಾನೇ ರಾಜ. ಎಡ ಅಂದರೆ ಎಡ, ಬಲ ಅಂದರೆ ಬಲ. ತಿರುಗಿ ನನ್ನ ಕಡೆ ಬರತೊಡಗಿತೋ, ಎಲ್ಲ ಅದಲುಬದಲು. ಅದರ ಎಡ ನನ್ನ ಬಲವಾಗುತ್ತದೆ. ಬಸ್ಸು ಯಾವತ್ತೂ ಡ್ರೈವರನ ಎದುರಿಗೆ ಬರುವುದಿಲ್ಲ, ಡ್ರೈವರು ಅದರೊಳಗೇ ಇರುತ್ತಾನೆ. ನನ್ನ ತಲೆ ಆ ವಿಮಾನದೊಳಗೆ ಹೋಗಿ ಕೂತುಬಿಡುತ್ತಿತ್ತು.

"ಎಡ ಬಲ ಮರೆತುಬಿಡಿ" ಎನ್ನುತ್ತಿದ್ದರು ಅತ್ತೆ. "ಎದುರಿಗೆ ಬರ್ತಿದ್ರೆ, ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ. ಬೀಳ್ತಿರೋರಿಗೆ ಕೆಳಗಿಂದ ಕೈ ಕೊಟ್ಟ ಹಾಗೆ."

ಅದಕ್ಕಿಂತ ದೊಡ್ಡ ರೋಗ ನನ್ನ ಕಾಲಿನದು. ಹೆದರಿಕೆಯಾದ ತಕ್ಷಣ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬ್ರೇಕ್! ಹುಲ್ಲಿನ ಮೇಲೆ ಎಲ್ಲಿದೆ ಬ್ರೇಕು? ಕಾಲಿನ ಜೊತೆ ಕೈಯೂ ಸೇರಿ ಎಂಜಿನ್ನಿನ ವೇಗ ಇಳಿಸುತ್ತಿತ್ತು. ಬಸ್ಸು ನಿಂತರೆ ಎಲ್ಲರೂ ಸುರಕ್ಷಿತ, ವಿಮಾನ ನಿಂತರೆ ಅದು ಕಲ್ಲು. ಒಂದು ದಿನ ಹಾಗೇ ಮಾಡಿ, ಡಾಕ್ಟರು ಕಿತ್ತುಕೊಳ್ಳುವಷ್ಟೂ ಎತ್ತರ ಉಳಿಯದೆ, ಕಲಿಕೆಯ ವಿಮಾನದ ರೆಕ್ಕೆ ಮುರಿದೆ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ನಾನು ನಿಲ್ಲುವ ಜಾಗದಲ್ಲಿ ಹಿಮ್ಮಡಿಯ ಗುಳಿ ಬಿದ್ದಿತ್ತು. "ಇದು ಡ್ರೈವರ್ ಸಾಹೇಬ್ರ ಬ್ರೇಕು" ಎಂದು ಕ್ಲಬ್ಬಿನವರು ಹೊಸಬರಿಗೆಲ್ಲ ತೋರಿಸಿದರು. ಅತ್ತೆ ರೆಕ್ಕೆಯ ಚೂರುಗಳನ್ನು ಬುಟ್ಟಿಗೆ ತುಂಬಿಸಿಕೊಂಡು ಹೋಗಿ, ಬೆರಳಲ್ಲೇ ತಡವಿ ತಡವಿ ಅಂಟಿಸಿ, ಹೊಸ ಹಾಳೆ ಹೊದಿಸಿ, ಮುಂದಿನ ವಾರಕ್ಕೆ ಸಿದ್ಧ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಅಂತೂ ಒಂದು ದಿನ ಒಬ್ಬನೇ ಹಾರಿಸಿ ಇಳಿಸಿದೆ. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಮರುವಾರ ಗಾಳಿ ಇಲ್ಲದ ಬೆಳಿಗ್ಗೆ ನೋಡಿ, ಹಳದಿ ವಿಮಾನವನ್ನು ಗೋಡೆಯಿಂದ ಇಳಿಸಿದೆವು.

ನೆಲದಿಂದ ಎಬ್ಬಿಸಿದ್ದು ನಾನು. ಚೆನ್ನಾಗಿ ಮೇಲೇರಿದ ಮೇಲೆ ಗುಂಡಿ ಒತ್ತಿ ಹಿಡಿದೆ. "ಇನ್ನು ನಿಮ್ದು ಅತ್ತೆ."

ಪಕ್ಕದ ಕುರ್ಚಿಯಲ್ಲಿ ರಿಮೋಟ್ ಹಿಡಿದು ಕೂತಿದ್ದ ಅತ್ತೆ ತುಸು ಕತ್ತೆತ್ತಿದರು. ಸದ್ದಿನ ಕಡೆಗೆ ಕಿವಿ ತಿರುಗಿಸಿ, ಇಷ್ಟಿಷ್ಟೇ ಸ್ಟಿಕ್ ಸರಿಸಿದರು. ವಿಮಾನ ಅಗಲವಾಗಿ, ಸಮಾಧಾನವಾಗಿ ತಿರುಗಿತು. ನಾನು ಹಾರಿಸುವುದು ಹಾರಿಸುವುದೇ ಅಲ್ಲ ಎನ್ನಿಸಿತು. "ಎಲ್ಲಿದೆ?" ಎನ್ನುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದು ಸುತ್ತು, ಇನ್ನೊಂದು ಸುತ್ತು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದಿದ್ದ ನಗು.

ಆಮೇಲೆ ವಿಮಾನ ನಮ್ಮೆದುರಿಗೆ ತಿರುಗಿತು. ನಮ್ಮ ಬಲಗೈ ಕಡೆಯ ರೆಕ್ಕೆ ತಗ್ಗಿತು. ನನ್ನ ಹಾಳು ಡ್ರೈವರ್ ತಲೆ ಮತ್ತೆ ವಿಮಾನದೊಳಗೆ ಹೋಗಿ ಕೂತಿತು.

"ಎಡ ರೆಕ್ಕೆ ತಗ್ಗಿದೆ ಅತ್ತೆ!"

ಅದು ವಿಮಾನದ ಎಡ. ಅವರು ನನ್ನನ್ನು ನಂಬಿ ತಮ್ಮ ಎಡಕ್ಕೆ ತಳ್ಳಿದರು. ತಗ್ಗಿದ್ದ ರೆಕ್ಕೆ ಇನ್ನೂ ತಗ್ಗಿತು, ಮೂತಿ ಕೆಳಗಾಯಿತು, ಎಂಜಿನ್ ಚೀರಿತು. "ತಗೊಳ್ಳಿ! ಬಿಡಿ ಗುಂಡಿ!" ಎಂದು ಹಿಂದಿನಿಂದ ಡಾಕ್ಟರು ಕೂಗಿದರು. ನನ್ನ ಬಲಗಾಲು ಗುಳಿಯೊಳಗೆ ಹೂತುಹೋಗುವಷ್ಟು ಒತ್ತುತ್ತಿತ್ತು. ಬೆರಳು ಬಿಟ್ಟರೆ ಸಾಕು, ವಿಮಾನ ನನ್ನದು. ಆದರೆ ಕಿತ್ತುಕೊಳ್ಳುವವರು ಬೇಡವೆಂದೇ ಅವರು ನನ್ನನ್ನು ನಿಲ್ಲಿಸಿಕೊಂಡಿದ್ದರು. ಅಲ್ಲದೆ ತಪ್ಪಿದ್ದು ನನ್ನ ಬಾಯಿ, ಅವರ ಕೈಯಲ್ಲ.

"ನಾನು ತಪ್ಪು ಹೇಳ್ದೆ! ಬಲಗೈ ಕಡೆ ಅತ್ತೆ, ಬಲಗೈ ಕಡೆಗೆ ತಳ್ಳಿ!"

ತಳ್ಳಿದರು. ರೆಕ್ಕೆ ಸಮವಾಯಿತು. ಎಂಜಿನ್ನಿನ ಚೀರಾಟ ಕೇಳುತ್ತಲೇ, ಮೂತಿ ಎತ್ತಲು ಮೆಲ್ಲಗೆ ಸ್ಟಿಕ್ ಎಳೆದರು, ಒಂದೇ ಸಲಕ್ಕಲ್ಲ, ಬೆಲೆಬಾಳುವ ಬಟ್ಟೆಯ ಮೇಲೆ ಪೆಟ್ಟಿಗೆ ಜಾರಿಸುವ ಹಾಗೆ. ಹಳದಿ ವಿಮಾನ ನಮ್ಮ ತಲೆಯ ಮೇಲಿಂದ ಗಾಳಿ ಬೀಸಿಕೊಂಡು ಹಾದು, ಮತ್ತೆ ಮೇಲೇರಿತು. ಇಷ್ಟು ಹತ್ತಿರ ಬಂದದ್ದರಿಂದ ಅವರ ನೋಟದ ಅಂಚಿಗೂ ಅದು ಸಿಕ್ಕಿತು. "ಕಂಡೆ!" ಎಂದರು. "ಹಳದಿ! ಕಂಡೆ ಅಳಿಯಂದ್ರೇ!"

ಇನ್ನೆರಡು ಸುತ್ತು ಹಾಕಿ, "ಸಾಕು, ಇಳಿಸೋದು ನೀವೇ. ಈಗ ತಗೊಳ್ಳಿ" ಎಂದರು. ಆಗ ಗುಂಡಿ ಬಿಟ್ಟೆ. ಬೆರಳು ಮರಗಟ್ಟಿತ್ತು. ಹೇಗೋ ಹುಲ್ಲಿಗಿಳಿಸಿದೆ, ಎರಡು ಸಲ ಕುಪ್ಪಳಿಸಿ ನಿಂತಿತು.

ಡಾಕ್ಟರು ನನಗೆ ಬೈಯಲು ಬಂದವರು ಅತ್ತೆಯ ಮುಖ ನೋಡಿ, ಕನ್ನಡಕ ಒರೆಸಿಕೊಳ್ಳುತ್ತಾ ಹಿಂದಿರುಗಿದರು.

"ಸದ್ದು ಕೆಟ್ಟಾಗ ನೀವು ಗುಂಡಿ ಬಿಟ್ರಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ. ಎತ್ತಿದ್ದು ನೀವೇ."

ಅತ್ತೆ ರಿಮೋಟನ್ನು ನನ್ನ ಕಡೆ ಚಾಚಿದರು. "ಮೊದಲ್ನೇ ದಿನ ವ್ಯಾನಲ್ಲಿ ನನ್ನ ಕೈ ಎಲ್ಲಿತ್ತು ನೆನಪಿದೆಯಾ?"

"ಗಂಟಿನ ಕೆಳಗೆ."

"ಗಂಟಿನ ಕೆಳಗೆ ಏನಿತ್ತು?"

ಆ ವ್ಯಾನಿನ ಎರಡು ಸೀಟುಗಳ ನಡುವೆ ಏನಿದೆ ಎಂಬುದು ದಿನಾ ಓಡಿಸಿದ ನನಗೆ ಗೊತ್ತಿಲ್ಲವೇ? ಹ್ಯಾಂಡ್ ಬ್ರೇಕ್.

"ಹೊರಟಾಗಿನಿಂದ ಹಿಡ್ಕೊಂಡೇ ಇದ್ದೆ" ಎಂದರು. "ಆ ಲಾರಿ ಬಂದಾಗ ಎಳೆದೇಬಿಡೋಣ ಅನ್ನಿಸ್ತು. ಎಳೆದ್ರೆ ನೀವು ಮತ್ತೆ ಯಾವತ್ತೂ ಓಡಿಸ್ತಿರ್ಲಿಲ್ಲ. ಅದಕ್ಕೇ ಷರ್ಟಿನ ಗುಂಡಿಗಳ ಬಗ್ಗೆ ಏನೇನೋ ವಟಗುಟ್ತಾ ಇದ್ದೆ. ಭಯ ನನಗೂ ಇತ್ತಪ್ಪಾ."

ಜಗಳಕ್ಕೆ ಸಿಗುವ ಮಾತು ಇಂಥ ಹೊತ್ತಿಗೆ ಸಿಗುವುದಿಲ್ಲ. "ಅತ್ತೆ, ನಿಮ್ಮಿಂದ ನನ್ನ ಕೆಲಸ ಉಳೀತು, ಮನೆ ಉಳೀತು. ಇದುವರೆಗೂ ಬಾಯಿಬಿಟ್ಟು ಹೇಳಿರ್ಲಿಲ್ಲ" ಎಂದೆ.

"ಹೇಳಿದ್ರಲ್ಲ ಈಗ. ನಡೀರಿ, ಅಂಗಡಿ ತೆಗೀಬೇಕು."

ರೆಕ್ಕೆ ಬಿಚ್ಚಿ, ವಿಮಾನವನ್ನು ಹಿಂದೆ ಇಟ್ಟು ವ್ಯಾನ್ ಹೊರಡಿಸಿದೆ. ದಾರಿಯಲ್ಲಿ ಲಾರಿಗಳು ಎದುರಾದವು, ಹೋದವು. ತಿರುವಿನಲ್ಲಿ ಒಮ್ಮೆ ಪಕ್ಕಕ್ಕೆ ನೋಡಿದೆ. ಸೀಟುಗಳ ನಡುವೆ ಗಂಟು ಇರಲಿಲ್ಲ. ಅತ್ತೆಯ ಎರಡೂ ಕೈಗಳು ಮಡಿಲಿನಲ್ಲಿದ್ದವು, ಹಳದಿ ರೆಕ್ಕೆಯ ಮೇಲೆ.